ನನಗದು ಒಗ್ಗೋದಿಲ್ಲ ಕಣ್ರೀ!

"ಅಯ್ಯೋ, ಮುಖಕ್ಕೆ ಎಣ್ಣೆ ಸಿಡೀತೇನ್ರೀ?"

ಮಗಳ ಸ್ಕೂಲಿನ ಗೇಟಿನ ಹತ್ತಿರ ಪರಿಚಯದವರೊಬ್ಬರು ಹೀಗೆ ಕೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಣ್ಣೆ ಸಿಡಿದಿರಲಿಲ್ಲ. ಬಿಸಿಲಿನಿಂದ ಮುಖ ಕಾಪಾಡಿಕೊಳ್ಳೋಣ ಅಂತ ದುಡ್ಡು ಕೊಟ್ಟು ತಂದು, ದಿನಾ ಬೆಳಗ್ಗೆ ಶ್ರದ್ಧೆಯಿಂದ ಹಚ್ಚಿಕೊಂಡ ಸನ್‌ಸ್ಕ್ರೀನ್ ಮಾಡಿದ ಉಪಕಾರ ಅದು! ಹಣೆ, ಕೆನ್ನೆ, ಕತ್ತಿನ ಮುಂಭಾಗವೆಲ್ಲ ಕೆಂಪಗೆ ಊದಿಕೊಂಡು, ಸಣ್ಣ ಸಣ್ಣ ಗುಳ್ಳೆ ಎದ್ದು, ರಾತ್ರಿಯೆಲ್ಲ ತುರಿಕೆ. ವಿಚಿತ್ರ ಅಂದರೆ ಗಲ್ಲದ ಕೆಳಗೆ, ಕಿವಿಯ ಹಿಂದೆ ಏನೂ ಇರಲಿಲ್ಲ. ಗುಟ್ಟು ಇದ್ದದ್ದೇ ಅಲ್ಲಿ. ಅದು ತಿಳಿಯಲು ನನಗೆ ಒಂದೂವರೆ ವರ್ಷ ಬೇಕಾಯಿತು.

ಎರಡನೇ ಹೆರಿಗೆಯಾದ ಮೇಲೆ ಕೆನ್ನೆಗೆ ಬಂಗು ಬಂದಿತ್ತು. "ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ತಪ್ಪಿಸಬೇಡಿ" ಅಂದಿದ್ದರು ಡಾಕ್ಟರು. ಸರಿಯಾದ ಸಲಹೆಯೇ. ಬಂಗು ಇರುವವರಿಗೆ ಬಿಸಿಲಿನಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಸ್ಕೂಟರಿನಲ್ಲಿ ಮಗಳನ್ನು ಬಿಟ್ಟು, ತರಕಾರಿ ತಂದು, ಮಧ್ಯಾಹ್ನ ಮತ್ತೆ ಕರೆತರುವ ನಮ್ಮಂಥವರಿಗೆ ಬಿಸಿಲು ತಪ್ಪಿದ್ದೂ ಅಲ್ಲ. ಹಾಗಂತ ನಾನೇನು ಕಣ್ಣು ಮುಚ್ಚಿ ಹಚ್ಚಿಕೊಂಡವಳಲ್ಲ. ಮೊದಲು ರಾತ್ರಿ ಮಲಗುವಾಗ ಮೊಣಕೈ ಒಳಭಾಗಕ್ಕೆ ಒಂದಿಷ್ಟು ಸವರಿ ನೋಡಿದ್ದೆ. ಏನೂ ಆಗಿರಲಿಲ್ಲ. ಮೊದಲ ಒಂದು ತಿಂಗಳು ಮುಖಕ್ಕೂ ಏನೂ ಆಗಲಿಲ್ಲ. ಹಾಗಾಗಿ ತುರಿಕೆ ಶುರುವಾದಾಗ ಅನುಮಾನ ಆ ಟ್ಯೂಬಿನ ಮೇಲೆ ಹೋಗಲೇ ಇಲ್ಲ. ಹೋಗಿದ್ದು ಹೊಸ ಸೋಪಿನ ಮೇಲೆ, ಟ್ಯಾಂಕರ್ ನೀರಿನ ಮೇಲೆ, ಕೊನೆಗೆ ಬದನೆಕಾಯಿ ಮೇಲೆ!

ನಮ್ಮಲ್ಲಿ ಮೈ ತುರಿಸಿತು ಅಂದರೆ ಸಾಕು, ಮೊದಲು ಬೀಳುವುದು ಬದನೆಕಾಯಿ ಮೇಲೆ. ನಂಜು ನೋಡಿ! ಅತ್ತೆ ಬದನೆಕಾಯಿ ನಿಲ್ಲಿಸಿದರು, ಆಮೇಲೆ ಕಡಲೆಕಾಯಿ, ಆಮೇಲೆ ಮೊಸರು. ಅಮ್ಮ ಫೋನಿನಲ್ಲಿ "ರಕ್ತ ಶುದ್ಧಿಯಿಲ್ಲ, ಬೇವಿನ ಕಷಾಯ ಕುಡಿ" ಅಂದಳು. ಮೇಲಿನ ಮನೆಯವರು ಕಡಲೆಹಿಟ್ಟಿಗೆ ನಿಂಬೆರಸ ಹಿಂಡಿ ಹಚ್ಚಿ ಅಂದರು. ಅದೊಂದನ್ನು ಮಾತ್ರ ದಯವಿಟ್ಟು ಯಾರೂ ಮಾಡಬೇಡಿ. ನಿಂಬೆರಸ ಹಚ್ಚಿಕೊಂಡ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತಾಗಿ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಇಷ್ಟೆಲ್ಲದರ ನಡುವೆ ಸ್ವಲ್ಪವಾದರೂ ಉಪಯೋಗಕ್ಕೆ ಬಂದ ಮಾತು ನಮ್ಮೆಜಮಾನರದ್ದು: "ಏನೂ ಹಚ್ಚಬೇಡ, ಸುಮ್ನೆ ಬಿಟ್ಟುಬಿಡು." ಪೇಪರಿನಿಂದ ತಲೆಯೆತ್ತದೆ ಹೇಳಿದ್ದು ಅಂತ ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಬದಲಿಗೆ ಮೆಡಿಕಲ್ ಶಾಪಿಗೆ ಹೋದೆ. ಅಂಗಡಿಯವನು ಮುಖ ನೋಡಿ ಒಂದು ಟ್ಯೂಬ್ ಕೊಟ್ಟ. ಎರಡೇ ದಿನದಲ್ಲಿ ಮುಖ ನಿಚ್ಚಳ! ಆ ಹುಡುಗನ ಕೈಗುಣ ಹೊಗಳಿದ್ದೇ ಹೊಗಳಿದ್ದು. ಬಿಟ್ಟ ವಾರಕ್ಕೆ ಮೊದಲಿಗಿಂತ ಜೋರಾಗಿ ಕೆಂಪು, ಉರಿ. ಮತ್ತೆ ಹಚ್ಚು, ಮತ್ತೆ ಬಿಡು. ಹೀಗೆ ನಾಲ್ಕು ತಿಂಗಳು. ಅದು ಸ್ಟೀರಾಯ್ಡ್ ಇರುವ ಕ್ರೀಮು. ವೈದ್ಯರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಔಷಧಿ, ನಮ್ಮಿಷ್ಟಕ್ಕೆ ಮುಖಕ್ಕೆ ಮೆತ್ತಿಕೊಂಡರೆ ಚರ್ಮ ತೆಳ್ಳಗಾಗಿ, ಮೊಡವೆಯೆದ್ದು, ಬೇಡದ ಕಡೆ ಕೂದಲೂ ಬೆಳೆಯಬಹುದು. ಇಂಥ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದು ಅಂತ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ಅಂಗಡಿಯವನು ಚೀಟಿ ಕೇಳಲಿಲ್ಲ, ನಿಜ. ನಾನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಮೈದುನನ ಮದುವೆಗೆ ಇಪ್ಪತ್ತು ದಿನ ಇತ್ತು.

ಆ ಮದುವೆಯ ಕಥೆ ಹೇಳಲೇಬೇಕು. ಅರಿಶಿನದ ಶಾಸ್ತ್ರದಲ್ಲಿ ಮುತ್ತೈದೆಯರೆಲ್ಲ ಒಬ್ಬರಿಗೊಬ್ಬರು ಕೆನ್ನೆಗೆ ಅರಿಶಿನ ಹಚ್ಚುತ್ತಿದ್ದಾರೆ. ಪ್ಯಾಕೆಟ್ಟಿನ ಅರಿಶಿನ, ಅದಕ್ಕೆ ಯಾವುದೋ ಘಮಘಮ ಸೆಂಟು ಬೇರೆ ಬೆರೆಸಿದ್ದರು. ನನ್ನ ಸರದಿ ಬಂದಾಗ ಹಿಂದೆ ಸರಿದೆ. "ಬೇಡ ಅತ್ಯಮ್ಮ, ನನಗೆ ಒಗ್ಗೋದಿಲ್ಲ" ಅಂದೆ. ಒಂದು ಕ್ಷಣ ಎಲ್ಲರೂ ಗಪ್ ಚಿಪ್. ಆಮೇಲೆ ಹಿಂದಿನಿಂದ ಒಂದು ದನಿ: "ಪಾರ್ಲರಿನ ಕ್ರೀಮು ಒಗ್ಗುತ್ತೆ, ಅರಿಶಿನ ಒಗ್ಗಲ್ವಂತೆ!" ಸಂಜೆ ಇನ್ನೊಬ್ಬರು ತಮ್ಮ ಮಗುವನ್ನು ನನ್ನ ತೊಡೆಯಿಂದ ಮೆಲ್ಲಗೆ ಎತ್ತಿಕೊಂಡು ಹೋದರು. ಅಂಟುತ್ತದೆ ಅಂತ. ಮುಖದ ಉರಿ ಎರಡು ವಾರದಲ್ಲಿ ಹೋಯಿತು. ಆ ಮಗುವನ್ನು ಎತ್ತಿಕೊಂಡು ಹೋದದ್ದು ಈಗಲೂ ಹೋಗಿಲ್ಲ. ಅಲರ್ಜಿ ಅಂಟುವ ರೋಗ ಅಲ್ಲ. ಅಷ್ಟು ಗೊತ್ತಿದ್ದರೆ ಸಾಕಿತ್ತು ಅವರಿಗೆ.

ನನ್ನ ತಕರಾರು ಇಲ್ಲೇ. ಕಾಲು ಉಳುಕಿದೆ ಅಂದರೆ ಎಲ್ಲರೂ ನಂಬುತ್ತಾರೆ. ಶುಗರ್ ಇದೆ ಅಂದರೆ ಪಾಯಸದ ಲೋಟ ತಾವೇ ಪಕ್ಕಕ್ಕಿಡುತ್ತಾರೆ. ಚರ್ಮಕ್ಕೆ ಆಗೋದಿಲ್ಲ ಅಂದರೆ ಮಾತ್ರ ಅದು ನಖರಾ! "ಸ್ಟೈಲ್ ಮಾಡೋಕೆ ಹೋಗಿ ಹೀಗಾಯ್ತು" ಅನ್ನುವ ಮಾತು ಬೇರೆ. ಹೀಗಂದವರಲ್ಲಿ ಗಂಡಸರು ಕಡಿಮೆ, ನಾವೇ ಹೆಚ್ಚು. ಅದಕ್ಕೇ ಈ ಪುಟದಲ್ಲಿ ಬರೆಯುತ್ತಿದ್ದೇನೆ.

ಕೊನೆಗೆ ಚರ್ಮದ ಡಾಕ್ಟರೊಬ್ಬರು ನನ್ನ ಕಿವಿಯನ್ನು ಮಡಿಸಿ, ಗಲ್ಲ ಎತ್ತಿಸಿ ನೋಡಿದರು. ಬಿಸಿಲು ಬೀಳದ ಜಾಗ ಚೆನ್ನಾಗಿದೆ, ಬಿದ್ದ ಜಾಗ ಕೆಟ್ಟಿದೆ. "ಹಚ್ಚುವ ಎಲ್ಲವನ್ನೂ ನಿಲ್ಲಿಸಿ, ಚರ್ಮ ತಣ್ಣಗಾದ ಮೇಲೆ ಪ್ಯಾಚ್ ಟೆಸ್ಟ್ ಮಾಡೋಣ" ಅಂದರು. ಅಂತೂ ನಮ್ಮೆಜಮಾನರು ಗೆದ್ದರು!

ಈ ಪರೀಕ್ಷೆ ಬಗ್ಗೆ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಸೂಜಿಯಿಲ್ಲ, ರಕ್ತವಿಲ್ಲ. ಬೆನ್ನಿನ ಮೇಲೆ ಪುಟ್ಟ ಪುಟ್ಟ ಬಿಲ್ಲೆಗಳಲ್ಲಿ ಒಂದೊಂದು ರಾಸಾಯನಿಕ ಇಟ್ಟು ಅಂಟಿಸುತ್ತಾರೆ. 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಯಾಕಂದರೆ ಇಂಥ ಅಲರ್ಜಿ ಹಚ್ಚಿದ ತಕ್ಷಣ ಕಾಣಿಸಿಕೊಳ್ಳುವುದಿಲ್ಲ, ಒಂದರಿಂದ ಮೂರು ದಿನ ತಡಮಾಡಿ ಬರುತ್ತದೆ. ಸೋಮವಾರ ಹಚ್ಚಿದ್ದಕ್ಕೆ ಬುಧವಾರ ತುರಿಸಿದರೆ ನಾವು ಬುಧವಾರ ತಿಂದ ಬದನೆಕಾಯಿಯನ್ನು ಬೈಯುತ್ತೇವೆ! ರಕ್ತ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಸಾವಿರಾರು ರೂಪಾಯಿಯ ಅಲರ್ಜಿ ಪ್ಯಾಕೇಜ್ ಮಾಡಿಸಿಕೊಂಡು "ಎಲ್ಲಾ ನಾರ್ಮಲ್" ಅಂತ ಬಂದವರ ಪಟ್ಟಿಯಲ್ಲಿ ನಾನೂ ಇದ್ದೇನೆ. ಪ್ಯಾಚ್ ಟೆಸ್ಟಿನ ಕಷ್ಟ ಅಂದರೆ ಅಷ್ಟೂ ದಿನ ಬೆನ್ನಿಗೆ ನೀರು ಸೋಕಬಾರದು, ಬೆವರಬಾರದು. ಏಪ್ರಿಲ್ ಬಿಸಿಲಿನಲ್ಲಿ ಮೂರು ಒಲೆಯ ಮುಂದೆ ನಿಂತವಳಿಗೆ ಬೆವರಬೇಡ ಅಂದರೆ ಹೇಗೆ? ಆ ವಾರ ಮನೆಯಲ್ಲಿ ಬರೀ ಮೊಸರನ್ನ, ಹೋಟೆಲ್ ಇಡ್ಲಿ.

ನನಗೆ ಅನುಮಾನ ಬಿಸಿಲಿನ ಮೇಲೂ ಇದ್ದದ್ದರಿಂದ ಅವವೇ ಬಿಲ್ಲೆಗಳನ್ನು ಎರಡು ಸಾಲು ಅಂಟಿಸಿ, ಒಂದು ಸಾಲಿಗೆ ಮಾತ್ರ ಅಲ್ಟ್ರಾವಯೊಲೆಟ್ ಬೆಳಕು ಬಿಟ್ಟರು. ಮುಚ್ಚಿಟ್ಟ ಸಾಲಿನಲ್ಲಿ ಅದೇ ರಾಸಾಯನಿಕ ತೆಪ್ಪಗಿತ್ತು. ಬೆಳಕು ಬಿದ್ದ ಕಡೆ ಕೆಂಪಗೆ ಎದ್ದಿತ್ತು. ಅತ್ತೆ ಒಳ್ಳೆಯವರೇ, ಸೊಸೆಯೂ ಒಳ್ಳೆಯವಳೇ, ಇಬ್ಬರನ್ನೂ ಒಂದೇ ಅಡುಗೆಮನೆಗೆ ಬಿಟ್ಟರೆ ಮಾತ್ರ ಪಾತ್ರೆ ಸದ್ದು ಅನ್ನುತ್ತಾರಲ್ಲ, ಹಾಗೆ! ರಾತ್ರಿ ಮೊಣಕೈಗೆ ಹಚ್ಚಿ ನೋಡಿದಾಗ ಏನೂ ಆಗದಿದ್ದದ್ದು ಇದಕ್ಕೇ.

ಸಿಕ್ಕಿಬಿದ್ದ ಕಳ್ಳನ ಹೆಸರು ಆಕ್ಸಿಬೆನ್ಜೋನ್. ಇವನಿಗೆ ಎರಡು ಹೆಸರು. ಕೆಲವು ಲೇಬಲ್ಲಿನಲ್ಲಿ ಬೆನ್ಜೋಫೀನೋನ್-3 ಅಂತ ಇರುತ್ತಾನೆ. ಸನ್‌ಸ್ಕ್ರೀನಿನಲ್ಲಷ್ಟೇ ಅಲ್ಲ, ಕೆಲವು ಲಿಪ್ ಬಾಮ್, ಶಾಂಪೂ, ನೇಲ್ ಪಾಲಿಶಿನಲ್ಲೂ ಇರುತ್ತಾನೆ. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಪ್ರತಿವರ್ಷ ಒಂದು 'ವರ್ಷದ ಅಲರ್ಜಿಕಾರಕ'ವನ್ನು ಹೆಸರಿಸುತ್ತದೆ. 2014ರಲ್ಲಿ ಆ ಪಟ್ಟ ಸಿಕ್ಕಿದ್ದು ಈ ಬೆನ್ಜೋಫೀನೋನ್ ಬಳಗಕ್ಕೇ. ಅದರ ಹಿಂದಿನ ವರ್ಷ ಮೀಥೈಲ್‌ಐಸೋಥಯಾಜೋಲಿನೋನ್ ಎಂಬ ಬಾಯಿಗೆ ಸಿಗದ ಹೆಸರಿನ ಪ್ರಿಸರ್ವೇಟಿವ್‌ಗೆ. ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಅದನ್ನು ಐರೋಪ್ಯ ಒಕ್ಕೂಟ 2017ರಿಂದ ನಿಷೇಧಿಸಿದೆ. ನಮ್ಮ ಬಾತ್‌ರೂಮಿನ ಒಂದು ವೆಟ್ ವೈಪ್ಸ್ ಪ್ಯಾಕಿನ ಮೇಲೂ ಆ ಹೆಸರಿತ್ತು! ಇನ್ನೊಂದು ಮಾತು: ಮಂಡಿನೋವಿಗೆ ಕೀಟೊಪ್ರೊಫೆನ್ ಇರುವ ಜೆಲ್ ಹಚ್ಚಿ ಬಿಸಿಲಿಗೆ ಹೋಗಿ ಅಲರ್ಜಿಯಾದವರಿಗೆ ಮುಂದೆ ಆಕ್ಸಿಬೆನ್ಜೋನ್, ಆಕ್ಟೋಕ್ರಿಲೀನ್ ಇರುವ ಸನ್‌ಸ್ಕ್ರೀನ್ ಕೂಡ ಆಗದಿರಬಹುದು.

ನನ್ನ ಎರಡನೇ ಕಳ್ಳ ಸುವಾಸನೆ. ಲೇಬಲ್ಲಿನಲ್ಲಿ 'ಫ್ರೇಗ್ರೆನ್ಸ್' ಅಥವಾ 'ಪರ್‌ಫ್ಯೂಮ್' ಅಂತ ಒಂದೇ ಪದ, ಅದರ ಹಿಂದೆ ಹತ್ತಾರು ರಾಸಾಯನಿಕ. 'ಅನ್‌ಸೆಂಟೆಡ್' ಅಂತ ಬರೆದಿದ್ದರೆ ಹಿಗ್ಗಬೇಡಿ. ಮೂಲ ವಾಸನೆ ಮುಚ್ಚಲು ಅದರಲ್ಲೂ ಸುಗಂಧ ಹಾಕಿರಬಹುದು. 'ಫ್ರೇಗ್ರೆನ್ಸ್ ಫ್ರೀ' ಅಂತಲೇ ಇರಬೇಕು. 'ಹೈಪೋಅಲರ್ಜೆನಿಕ್' ಅನ್ನುವ ಪದಕ್ಕೆ ಅಮೆರಿಕದಲ್ಲೇ ಕಾನೂನಿನ ವ್ಯಾಖ್ಯೆಯಿಲ್ಲ. ಇನ್ನು 'ನ್ಯಾಚುರಲ್', 'ಹರ್ಬಲ್'... ಕಾಂಗ್ರೆಸ್ ಗಿಡ ನ್ಯಾಚುರಲ್ ಅಲ್ಲವೇ? ಅದರ ಅಲರ್ಜಿ ಇರುವ ಕೆಲವರಿಗೆ ಅದೇ ಕುಲದ ಸೇವಂತಿಗೆ ಮುಡಿದರೂ ತುರಿಸುತ್ತದೆ. ಲ್ಯಾವೆಂಡರ್, ಟೀ ಟ್ರೀ ಎಣ್ಣೆಗಳೂ ಅಲರ್ಜಿ ತರಬಲ್ಲವು. ಚರ್ಮಕ್ಕೆ ಆಯುರ್ವೇದ, ಅಲೋಪತಿ ಅಂತ ಓದಲು ಬರುವುದಿಲ್ಲ.

ಚರ್ಮ ಇನ್ನೊಂದು ಆಟವನ್ನೂ ಆಡುತ್ತದೆ. ತಪ್ಪು ಒಂದು ಕಡೆ, ಶಿಕ್ಷೆ ಇನ್ನೊಂದು ಕಡೆ. ಕಣ್ಣಿನ ರೆಪ್ಪೆ ತುರಿಸಿದರೆ ಕಾಡಿಗೆಯನ್ನು ಬೈಯುತ್ತೇವೆ, ಕಾರಣ ಎಷ್ಟೋ ಸಲ ಉಗುರಿನ ಬಣ್ಣ. ಬೆರಳು ದಿನಕ್ಕೆಷ್ಟು ಸಲ ಕಣ್ಣಿಗೆ ಹೋಗುತ್ತದೆ, ನೀವೇ ಲೆಕ್ಕ ಹಾಕಿ. ಗಂಡನ ಆಫ್ಟರ್‌ಶೇವಿನಿಂದ ಹೆಂಡತಿಯ ಕೆನ್ನೆ ಕೆಂಪಾಗುವುದೂ ಉಂಟು. (ನಾಚಿಕೆಯಿಂದ ಅಲ್ಲ!) ಇನ್ನು ಸ್ಟಿಕ್ಕರ್ ಬಿಂದಿಯ ಗೋಂದಿನಲ್ಲಿರುವ ಒಂದು ರಾಸಾಯನಿಕ ಕೆಲವರ ಹಣೆಯ ಬಣ್ಣವನ್ನೇ ತೆಗೆದು ಬಿಳಿ ಮಚ್ಚೆ ಉಳಿಸುತ್ತದೆ. ಬಿಂದಿಯ ಜಾಗ ತುರಿಸಲು ಶುರುವಾದ ದಿನವೇ ತೆಗೆದುಬಿಡಿ. ಶೃಂಗಾರಕ್ಕಿಂತ ಹಣೆ ಮುಖ್ಯ. 'ಹತ್ತು ವರ್ಷದಿಂದ ಇದೇ ಹಚ್ಚುತ್ತಿದ್ದೇನೆ, ಇದರಿಂದ ಇರಲಾರದು' ಅನ್ನಬೇಡಿ. ಹತ್ತು ವರ್ಷ ಒಗ್ಗಿದ್ದು ಹನ್ನೊಂದನೇ ವರ್ಷ ಒಗ್ಗದೆ ಹೋಗಬಹುದು. ಒಮ್ಮೆ ಒಗ್ಗದೆ ಹೋದರೆ ಸಾಮಾನ್ಯವಾಗಿ ಅದು ಜೀವನಪೂರ್ತಿ.

ಹಾಗಾದರೆ ಬಿಸಿಲಿಗೆ ಏನು ಮಾಡುತ್ತೀರಿ ಅಂತ ಕೇಳಬಹುದು. ಸನ್‌ಸ್ಕ್ರೀನ್ ಅಂದರೆ ಒಂದೇ ಜಾತಿ ಅಲ್ಲ. ಜಿಂಕ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಇರುವ ಖನಿಜದ ಸನ್‌ಸ್ಕ್ರೀನುಗಳು ನನ್ನಂಥವರಿಗೆ ಆಗುತ್ತವೆ. ಆ ಖನಿಜಗಳಿಗೆ ಅಲರ್ಜಿ ತೀರಾ ಅಪರೂಪ. ಆದರೆ ಮೊದಲ ದಿನ ಹಚ್ಚಿಕೊಂಡು ಹೊರಬಂದಾಗ ಮಗಳು "ಅಮ್ಮ, ಯಕ್ಷಗಾನಕ್ಕೆ ಹೋಗ್ತಿದೀಯಾ?" ಅಂದಳು. ಅಷ್ಟು ಬಿಳಿ! ಆಮೇಲೆ ಐರನ್ ಆಕ್ಸೈಡ್ ಬೆರೆಸಿದ, ಮೈಬಣ್ಣಕ್ಕೆ ಹೊಂದುವ ಟಿಂಟೆಡ್ ಕ್ರೀಮು ಸಿಕ್ಕಿತು. ಬಂಗು ಇರುವವರಿಗೆ ಇದೇ ಮೇಲು. ಬಂಗನ್ನು ಕಪ್ಪಾಗಿಸುವುದರಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲೂ ಇದೆ, ಐರನ್ ಆಕ್ಸೈಡ್ ಅದನ್ನೂ ತಡೆಯುತ್ತದೆ. ಎಸ್‌ಪಿಎಫ್ 30 ಇದ್ದರೆ ಚರ್ಮ ಸುಡುವ ಕಿರಣಗಳಲ್ಲಿ ಸುಮಾರು 97 ಪಾಲು ತಡೆಯುತ್ತದೆ, 50ಕ್ಕೆ ಹೋದರೆ ಸಿಗುವುದು 98. ಆ ಒಂದು ಪಾಲಿಗೆ ದುಪ್ಪಟ್ಟು ದುಡ್ಡು ಸುರಿಯುವ ಮೊದಲು ಹಿಂದಿನ ಸಣ್ಣಕ್ಷರ ಓದಿ. ಉಳಿದದ್ದಕ್ಕೆ ಕೊಡೆ, ತುಂಬುತೋಳು, ಒತ್ತಾಗಿ ನೇಯ್ದ ಗಾಢಬಣ್ಣದ ದುಪಟ್ಟಾ. ನಮ್ಮಜ್ಜಿ ಸೆರಗು ತಲೆ ಮೇಲೆ ಎಳೆದುಕೊಂಡು ಹೊಲಕ್ಕೆ ಹೋಗುತ್ತಿದ್ದಳು. ಅವಳಿಗೆ ಯಾವ ಲೇಬಲ್ಲೂ ಓದುವ ತಾಪತ್ರಯ ಇರಲಿಲ್ಲ.

ನನಗೆ ಮಾತ್ರ ಆ ತಾಪತ್ರಯ ತಪ್ಪಿಲ್ಲ. ಪರ್ಸಿನಲ್ಲಿ ಸದಾ ಒಂದು ಚೀಟಿ ಇದೆ, ಅದರಲ್ಲಿ ಬೇಡದ ಹೆಸರುಗಳು. ಅಂಗಡಿಯಲ್ಲಿ ಕನ್ನಡಕ ಏರಿಸಿ ಡಬ್ಬಿ ತಿರುಗಿಸುತ್ತ ನಿಂತರೆ ಸೇಲ್ಸ್ ಹುಡುಗಿ ನಿಟ್ಟುಸಿರು ಬಿಡುತ್ತಾಳೆ. ಬಿಡಲಿ. ಹೊಸದನ್ನು ತಂದರೆ ಮೊದಲು ಮೊಣಕೈ ಒಳಭಾಗದಲ್ಲಿ ಒಂದೇ ಜಾಗಕ್ಕೆ ದಿನಕ್ಕೆರಡು ಸಲದಂತೆ ವಾರ, ಹತ್ತು ದಿನ ಹಚ್ಚಿ ನೋಡುತ್ತೇನೆ. ಈಗ ರಾತ್ರಿ ಒಂದೇ ಅಲ್ಲ, ಹಗಲೂ ಆ ಜಾಗಕ್ಕೆ ಒಂದಿಷ್ಟು ಬಿಸಿಲು ತೋರಿಸುತ್ತೇನೆ.

ಹೋದ ತಿಂಗಳು ನಾದಿನಿಯ ಮಗಳ ಮದುವೆ. ಮತ್ತೆ ಅರಿಶಿನ, ಮತ್ತೆ ಅದೇ ಹೆಂಗಸರು. ನಾನು ಬಾಯಿ ತೆರೆಯುವ ಮೊದಲೇ ನಮ್ಮತ್ತೆ ಬಟ್ಟಲು ಹಿಡಿದವರ ಕೈ ತಡೆದರು. "ಅವಳಿಗೆ ಅದು ಒಗ್ಗಲ್ಲ, ಸೆಂಟು ಹಾಕಿದೀರಿ. ಮನೇಲಿ ಕುಟ್ಟಿದ ಅರಿಶಿನ ತಂದಿದೀನಿ, ಕಾಲಿಗೆ ಹಚ್ಚಿ ಸಾಕು" ಅಂದರು. ಹಿಂದಿನ ಸಾಲಿನಲ್ಲಿ ಈ ಸಲವೂ ಯಾರೋ ಗುಸುಗುಸು ಅಂದರು. ನಾನು ಸೀರೆ ನೆರಿಗೆ ಸ್ವಲ್ಪ ಮೇಲೆತ್ತಿ ಪಾದ ಮುಂದಿಟ್ಟೆ.