ಬೇಣದ ಸೂಟಿ

ನಮ್ಮ ಧಾರವಾಡದ ಕಡೆಯಲ್ಲಿ ಶಾಲೆಯ ಬಿಡುವಿಗೆ ‘ಸೂಟಿ’ ಎನ್ನುವರು. ಮೈಸೂರಿನವರು ‘ರಜೆ’ ಎನ್ನುವರು. ಎರಡೂ ಎರವಲು ತಂದ ಮಾತುಗಳೇ. ರಜೆಯೆಂಬುದು ಉರ್ದುವಿನ ದಾರಿಯಿಂದ ಬಂದುದು, ಅದರ ಮೂಲಾರ್ಥ ಒಪ್ಪಿಗೆ, ಅಪ್ಪಣೆ. ಸೂಟಿಯಾದರೋ ಮರಾಠಿಯಿಂದ ಬಂದುದು, ಅದರ ಬೇರಿನಲ್ಲಿರುವುದು ಬಿಡುಗಡೆ. ಮೇಲಿನವರ ಅಪ್ಪಣೆ ಪಡೆದು ಮನೆಯಲ್ಲಿ ಕುಳ್ಳಿರುವುದು ಒಂದು, ಕಟ್ಟಿದ ಕಣ್ಣಿ ಕಳಚಿಕೊಂಡು ಹೊರಬೀಳುವುದು ಇನ್ನೊಂದು. ಈ ಶಬ್ದವ್ಯುತ್ಪತ್ತಿಯ ಬಲದಿಂದಲೇ ನಾನು ದಸರೆ ಬಂದಾಗಲೆಲ್ಲ ಮನೆಯವರೊಡನೆ ವಾದ ಹೂಡಿ, ಹೆಬ್ಬಳ್ಳಿಯಿಂದ ಪಡುವಣಕ್ಕೆ ಮುಖಮಾಡಿ ಹೊರಟುಬಿಡುತ್ತೇನೆ.

ಹೆಬ್ಬಳ್ಳಿಯು ಧಾರವಾಡದಿಂದ ಮೂಡಲಿಗೆ ಏಳೆಂಟು ಮೈಲಿ ದೂರದಲ್ಲಿ, ಎರೆಯ ನಾಡಿನ ಬಾಗಿಲಿನಲ್ಲಿರುವ ಊರು. ಇಲ್ಲಿಯ ಕರಿಮಣ್ಣಿನ ಮೇಲೆ ಬಿದ್ದ ಮಳೆಯು ಹಳ್ಳಕೊಳ್ಳಗಳನ್ನು ಹಿಡಿದು ಬೆಣ್ಣಿಹಳ್ಳಕ್ಕೂ, ಅಲ್ಲಿಂದ ಮಲಪ್ರಭೆಗೂ, ಮಲಪ್ರಭೆಯ ಕೈಹಿಡಿದು ಕೃಷ್ಣೆಗೂ ಸೇರಿ ಕಡೆಗೆ ಬಂಗಾಳ ಉಪಸಾಗರವನ್ನು ಕಾಣುವುದು. ಆದರೆ ಧಾರವಾಡದ ಮಗ್ಗುಲಲ್ಲಿ, ಸೋಮೇಶ್ವರನ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯು ಪಡುವಣಕ್ಕೆ ತಿರುಗಿ, ಬೇಡ್ತಿಯೊಡನೆ ಕೂಡಿ, ಮಾಗೋಡಿನಲ್ಲಿ ಸುಮಾರು 200 ಮೀಟರು ಕೆಳಗೆ ಧುಮುಕಿ, ಗಂಗಾವಳಿಯೆಂದು ಹೆಸರು ಬದಲಿಸಿಕೊಂಡು ಗೋಕರ್ಣದ ಬಡಗಲಲ್ಲಿ ಅರಬ್ಬೀ ಸಮುದ್ರಕ್ಕೆ ಇಳಿಯುವಳು. (ಶಿರಸಿಯ ಸಹಸ್ರಲಿಂಗದ ಶಾಲ್ಮಲೆ ಬೇರೆ, ಇಬ್ಬರನ್ನೂ ಒಬ್ಬಳೆಂದು ತಿಳಿದು ವಾದಿಸುವ ಸ್ನೇಹಿತರು ನನಗಿದ್ದಾರೆ.) ಕೆಲವೇ ಮೈಲಿಗಳ ಅಂತರದಲ್ಲಿ ಬಿದ್ದ ಎರಡು ಹನಿಗಳು ಎರಡು ಕಡಲುಗಳ ಪಾಲಾಗುವ ಈ ನೀರಗಡಿಯ ಮೇಲೆ ಬಾಳುವ ನಮಗೆ, ಒಂದು ಹನಿಯ ದಾರಿ ಬದುಕಿನದು, ಮತ್ತೊಂದರದು ಸೂಟಿಯದು ಎಂದು ನಾನು ಹಂಚಿಕೊಂಡಿದ್ದೇನೆ.

ಈ ಪಡುವಣ ದಾರಿ ವಿಹಾರಿಗಳಿಗಾಗಿ ಹುಟ್ಟಿದುದಲ್ಲ. ಧಾರವಾಡ ಸೀಮೆಯ ನಾಡಹತ್ತಿಯ ಅಂಡಿಗೆಗಳು ಎತ್ತಿನ ಬೆನ್ನ ಮೇಲೂ ಬಂಡಿಗಳಲ್ಲೂ ಘಟ್ಟವಿಳಿದು ಕುಮಟೆಯ ಬಂದರನ್ನು ಸೇರುತ್ತಿದ್ದುವು. ಅಲ್ಲಿಂದ ಹಡಗು ಹತ್ತಿ ಮುಂಬಯಿಗೆ ಹೋದ ನಮ್ಮ ಎರೆಯ ಹತ್ತಿಗೆ ಅಲ್ಲಿಯ ಪೇಟೆಯಲ್ಲಿ ‘ಕುಮಟಾ ಹತ್ತಿ’ಯೆಂದೇ ಹೆಸರಾಯಿತು. ಬೆಳೆದವನ ಹೆಸರು ಹೋಗಿ ಬಂದರಿನ ಹೆಸರು ನಿಂತಿತು! 1861ರಲ್ಲಿ ಅಮೇರಿಕೆಯ ಅಂತರ್ಯುದ್ಧ ತೊಡಗಿ ಹತ್ತಿಯ ಬೆಲೆ ಗಗನಕ್ಕೇರಿದಾಗ, ಮರುವರ್ಷವೇ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದುದರ ಹಿಂದೆ ಹತ್ತಿ ವರ್ತಕರ ಒತ್ತಾಸೆಯೂ ಇತ್ತು. ಮುಂದೆ 1880ರ ದಶಕದ ಕೊನೆಗೆ ರೈಲು ಮರ್ಮಗೋವೆಯವರೆಗೆ ಓಡತೊಡಗಿತು. ಹತ್ತಿ ಆ ದಾರಿ ಹಿಡಿಯಿತು, ಕುಮಟೆಯ ಹತ್ತಿ ವ್ಯಾಪಾರ ಬಡವಾಯಿತು. ಈಗ ಕಲಘಟಗಿ, ಯಲ್ಲಾಪುರಗಳನ್ನು ದಾಟಿ ಅರಬೈಲು ಘಟ್ಟವಿಳಿಯುವ ಮೋಟಾರುಗಳಲ್ಲಿ ನನ್ನಂಥ ಸೂಟಿಯವರು ಕುಳಿತಿರುತ್ತಾರೆ.

ಕುಳಿತವರೆಲ್ಲರೂ ಸಮುದ್ರವನ್ನು ನೋಡಲಿಕ್ಕೆ ಹೋಗುವವರು. ನಾನು ಹೋಗುವುದು ಸಮುದ್ರದ ಮೇಲುಗಡೆಗೆ. ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಮುಗಿಸಿ ತೆಂಕಣಕ್ಕೆ ಗುಡ್ಡವೇರಿದರೆ, ಕುಡ್ಲೆಯ ಮರಳಿಗೂ ಓಂಕಾರದ ಆಕೃತಿಯಿಂದ ಹೆಸರು ಪಡೆದ ಕಡಲತೀರಕ್ಕೂ ನಡುವೆ ಕಲ್ಲಿನ ಬಯಲೊಂದು ಗಾಳಿಗೆ ಎದೆಯೊಡ್ಡಿ ಹರಡಿದೆ. ಹುಲ್ಲಷ್ಟೇ ಬೆಳೆಯುವ ಇಂಥ ನೆಲಕ್ಕೆ ಉತ್ತರ ಕನ್ನಡದವರು ‘ಬೇಣ’ವೆನ್ನುವರು, ನಮ್ಮ ಕಡೆ ‘ಮಡ್ಡಿ’ ಎನ್ನುವೆವು. ಹೊರಡುವ ಮುನ್ನಾದಿನ ಹೆಬ್ಬಳ್ಳಿಯ ನನ್ನ ನೆರೆಯವರು ಕೇಳಿಯೇ ಕೇಳುವರು: “ಅಲ್ರೀ ಮಾಸ್ತರ, ಇಲ್ಲೇ ಮಡ್ಡಿ ಐತೆಲ್ಲ, ಅದನ್ನ ನೋಡಾಕ ಅಷ್ಟ ದೂರ ಯಾಕ ಹೊಂಟೀರಿ?” ಪ್ರಶ್ನೆ ನ್ಯಾಯವಾದದ್ದೇ.

ಉತ್ತರ ಹೇಳಬೇಕಾದರೆ ಆ ಕಲ್ಲಿನ ಮೇಲೆ ಮೊಳಕಾಲೂರಿ ಕುಳಿತುಕೊಳ್ಳಬೇಕು. ದೂರದಿಂದ ಬೋಳಾಗಿ ಕಂಡ ಬಂಡೆಯು ಹತ್ತಿರದಿಂದ ಜೇನುಹುಟ್ಟಿನಂತೆ ತೂತುತೂತಾಗಿದೆ. ಒಂದೊಂದು ಗುಳಿಯಲ್ಲಿಯೂ ಮಳೆಗಾಲದ ನೀರು ಬೊಗಸೆಯಷ್ಟು ಉಳಿದಿದೆ. ನೀರಿನ ಅಂಚಿನಲ್ಲಿ, ಸಾಸಿವೆಕಾಳಿನ ನಾಲ್ಕರಷ್ಟು ದೊಡ್ಡದಾದ ನೀಲಿಯ ಹೂವೊಂದು ಕೂದಲೆಳೆಯ ತೊಟ್ಟಿನ ಮೇಲೆ ನಡುಗುತ್ತಿದೆ. ಕಲ್ಲಿನಲ್ಲಿ ಸಾರವಿಲ್ಲದುದರಿಂದ ಈ ಗಿಡವು ನೀರೊಳಗೆ ಸೂಕ್ಷ್ಮವಾದ ಚೀಲಗಳನ್ನು ಹರವಿಟ್ಟು, ಸೋಂಕಿದ ಕ್ರಿಮಿಗಳನ್ನು ಒಳಗೆಳೆದು ಜೀರ್ಣಿಸಿಕೊಳ್ಳುವುದು. ಅಹಿಂಸಾಪರವಾದ ನಮ್ಮ ಪುಷ್ಪಕಾವ್ಯವು ಈ ಹೂವನ್ನು ಗಮನಿಸಿದಂತೆ ಕಾಣೆ.

ಆ ಕಲ್ಲಿನ ಹೆಸರೂ ರಸವತ್ತಾದುದು. ಟಿಪ್ಪುವಿನ ಪತನದ ಬೆನ್ನಿಗೆ, 1800-01ರಲ್ಲಿ, ಮೈಸೂರು, ಕನ್ನಡ, ಮಲಬಾರ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಲಬಾರದ ಅಂಗಾಡಿಪುರದಲ್ಲಿ ಜನರು ಮೆತ್ತಗಿನ ಕಲ್ಲನ್ನು ಕಡಿದು ಬಿಸಿಲಿಗೆ ಗಟ್ಟಿಮಾಡಿ ಗೋಡೆ ಕಟ್ಟುವುದನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ನಾಮಕರಣ ಮಾಡಿದನು. ಲ್ಯಾಟಿನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಕನ್ನಡಿಗರು ಈ ಕಲ್ಲನ್ನು ಕರೆಯುವ ‘ಜಂಬಿಟ್ಟಿಗೆ’ಯೆಂಬ ಮಾತಿನೊಳಗೂ ಇಟ್ಟಿಗೆಯೇ ಕುಳಿತಿದೆ. ಬುಕಾನನ್ನನಿಗೂ ಗೋಡೆ ಕಟ್ಟುವ ಒಡ್ಡನಿಗೂ ಹೊಳೆದದ್ದು ಒಂದೇ ಉಪಮೆ.

ಬೇಣದ ಮೇಲೆ ನನಗೆ ಪರಿಚಿತನಾದ ಒಬ್ಬನಿದ್ದಾನೆ: ಟಿಟ್ಟಿಭ, ಜನರ ಮಾತಿನಲ್ಲಿ ತೇನೆಹಕ್ಕಿ. ಹೆಬ್ಬಳ್ಳಿಯ ಹೊಲದ ಬದುವಿನಲ್ಲಿ ನನ್ನನ್ನು ಕಂಡು ಕೂಗೆಬ್ಬಿಸುವ ಆ ಹಳದಿಗಾಲಿನ ಕಾವಲುಗಾರನೇ ಇಲ್ಲಿಯೂ ಅದೇ ಸಿಟ್ಟಿನಿಂದ ಕೂಗುತ್ತಾನೆ. ತನ್ನ ಮೊಟ್ಟೆಗಳನ್ನು ಕದ್ದ ಸಮುದ್ರದ ಮೇಲೆ ಜಗಳಕ್ಕೆ ನಿಂತು ಗೆದ್ದ ಪಂಚತಂತ್ರದ ಪಕ್ಷಿ ಇದೇ ತಾನೆ! ಹನ್ನೊಂದನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಿಸಿದ ದುರ್ಗಸಿಂಹನು ಕಿಸುಕಾಡು ನಾಡಿನ ಸಯ್ಯಡಿಯವನು, ಸಮುದ್ರವಿಲ್ಲದ ಸೀಮೆಯವನು. ಎರೆಯ ಮೇಲೆ ನಡೆದಾಡುವ ಟಿಟ್ಟಿಭವನ್ನು ಮಾತ್ರ ಅವನು ದಿನವೂ ಕಂಡಿರಬೇಕೆಂದು ನನ್ನ ಊಹೆ.

ಕಡಲತಡಿಯಲ್ಲಿ ಬಿಡುವು ಕಳೆದವರಲ್ಲಿ ರವೀಂದ್ರನಾಥ ಠಾಕೂರರೂ ಒಬ್ಬರು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಅಲ್ಲಿಗೆ ಬಂದ ತರುಣ ಕವಿಯು, ಬೆಳದಿಂಗಳಿನಲ್ಲಿ ಕಾಳೀನದಿಯ ಮೇಲೆ ದೋಣಿಯೇರಿ ಹೋದುದನ್ನು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ಅವರ ‘ಪ್ರಕೃತಿರ್ ಪ್ರತಿಶೋಧ’ ನಾಟಕ ಹುಟ್ಟಿದುದು ಅಲ್ಲಿಯೇ. ಲೋಕವನ್ನು ಗೆದ್ದೆನೆಂದು ಬೀಗಿದ ಸಂನ್ಯಾಸಿಯನ್ನು ಒಬ್ಬ ಅನಾಥ ಬಾಲಿಕೆಯ ಮಮತೆಯು ಮರಳಿ ಲೋಕಕ್ಕೆ ಎಳೆಯುವ ಕತೆಯದು. ನಿರ್ಜನವಾದ ತೀರದಲ್ಲಿ ಕುಳಿತವನಿಗೆ ಸಂಸಾರದ ಪರವಾದ ನಾಟಕ ಹೊಳೆದುದು ನನಗೆ ಆಶ್ಚರ್ಯವೆನಿಸುವುದಿಲ್ಲ. ಬೇಣದ ಮೇಲೆ ಎರಡನೆಯ ದಿನದ ಸಂಜೆಗೆ ನನಗೂ ಹೊಲದ ನೆನಪು ಬರುವುದು; ಹಿಂಗಾರಿ ಜೋಳದ ಕೂರಿಗೆ ಹೂಡಿದರೋ ಇಲ್ಲವೋ ಎಂಬ ಚಿಂತೆ ಹತ್ತುವುದು.

ಕಳೆದ ಸಲ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬಂದ ಮುದುಕಿಯೊಬ್ಬಳು ನನ್ನನ್ನು ಕಂಡು ನಿಂತು, ಗುಡಿಯ ದಾರಿ ತಪ್ಪಿತೇ ಎಂದು ವಿಚಾರಿಸಿದಳು. ಇಲ್ಲ, ಇದನ್ನೇ ನೋಡಲು ಬಂದೆನೆಂದೆ. ಅವಳು ಒಮ್ಮೆ ನನ್ನನ್ನೂ ಒಮ್ಮೆ ಬಯಲನ್ನೂ ನೋಡಿ, ಹೊರೆಯನ್ನು ಸರಿಮಾಡಿಕೊಂಡು, ಏನೂ ಹೇಳದೆ ಇಳಿದುಹೋದಳು. ಆ ಹುಲ್ಲು ಅವಳ ಆಕಳಿಗೆ ಮೇವು, ಮಾಡಿಗೆ ಹೊದಿಕೆ. ಉಳುಮೆಗೆ ಬಾರದ ನೆಲವನ್ನು ಕಂದಾಯದ ದಫ್ತರದಲ್ಲಿ ‘ಖರಾಬು’ ಎಂದು ಬರೆಯುವರು. ಬರೆದವರು ಆಕಳನ್ನಾಗಲಿ, ನೀಲಿಯ ಹೂವನ್ನಾಗಲಿ, ಟಿಟ್ಟಿಭವನ್ನಾಗಲಿ ಕೇಳಿ ಬರೆದವರಲ್ಲ. ಖರಾಬೆಂದ ಮೇಲೆ ಕಲ್ಲು ಕಡಿಯುವ ಯಂತ್ರಕ್ಕೂ ಬೇಲಿ ಹಾಕುವವನಿಗೂ ದಾರಿ ಸುಗಮ. ಆ ಶಬ್ದವನ್ನು ಬದಲಿಸುವುದು ಅಂಕಣಕಾರನ ಕೈಯಲ್ಲಿಲ್ಲ.

ಬರುವ ದಸರೆಗೆ ಗೋಕರ್ಣಕ್ಕೆ ಹೋಗುವ ಹುಬ್ಬಳ್ಳಿ-ಧಾರವಾಡದ ಮಂದಿಗೆ ಇಷ್ಟು ಮಾತ್ರ ಬಿನ್ನಹ: ಮರಳಿಗೆ ಇಳಿಯುವ ಮುಂಚೆ ಒಂದು ಮುಂಜಾವನ್ನು ಬೇಣಕ್ಕೆ ಕೊಡಿರಿ. ಗಟ್ಟಿ ಅಟ್ಟೆಯ ಮೆಟ್ಟು ಮೆಟ್ಟಿರಿ, ಕುಡಿಯುವ ನೀರನ್ನು ಒಯ್ಯಿರಿ. ಅಲ್ಲಿ ನೆರಳಿಲ್ಲ.