ಒಂದು ದೇಶ, ಒಂದು ಚಂದಾ: ಬಾಗಿಲ ಹೊರಗೆ ನಮ್ಮ ಕಾಲೇಜುಗಳು

2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟವು 'ಒಂದು ದೇಶ, ಒಂದು ಚಂದಾ' ಎಂಬ ಯೋಜನೆಗೆ ಒಪ್ಪಿಗೆ ನೀಡಿತು. ಅದರ ಹಿಂದಿನ ದಿನವಷ್ಟೇ ಸಂಭಲ್‌ನಲ್ಲಿ ರಕ್ತ ಹರಿದಿತ್ತು. ವಕ್ಫ್ ಮಸೂದೆಯು ಜಂಟಿ ಸಂಸದೀಯ ಸಮಿತಿಯ ಮುಂದಿತ್ತು. ಸಮುದಾಯದ ಕಣ್ಣು ಅತ್ತ ನೆಟ್ಟಿದ್ದುದು ಸಹಜವೇ. ಆದರೆ ಶಿಕ್ಷಣದ ಕುರಿತು ಇಷ್ಟೊಂದು ಸಮಾವೇಶಗಳನ್ನು ನಡೆಸುವ ನಾವು, ನಮ್ಮ ಮಕ್ಕಳ ಉನ್ನತ ಶಿಕ್ಷಣವನ್ನು ನೇರವಾಗಿ ಮುಟ್ಟುವ ಈ ತೀರ್ಮಾನದ ಬಗ್ಗೆ ಆ ಬಳಿಕವಾದರೂ ಗಂಭೀರವಾಗಿ ಚರ್ಚಿಸಿದೆವೇ?

ಯೋಜನೆಯ ಸಾರಾಂಶ ಇಷ್ಟು. 30 ಅಂತಾರಾಷ್ಟ್ರೀಯ ಪ್ರಕಾಶನ ಸಂಸ್ಥೆಗಳು ಹೊರತರುವ ಸುಮಾರು 13,000 ಸಂಶೋಧನಾ ಪತ್ರಿಕೆಗಳಿಗೆ ಕೇಂದ್ರ ಸರಕಾರವು ಇಡೀ ದೇಶದ ಪರವಾಗಿ ಒಟ್ಟಿಗೆ ಚಂದಾ ಕಟ್ಟುತ್ತದೆ. 2025, 2026 ಮತ್ತು 2027 ಈ ಮೂರು ವರ್ಷಗಳಿಗೆ ಮೀಸಲಿಟ್ಟ ಮೊತ್ತ 6,000 ಕೋಟಿ ರೂಪಾಯಿ. 6,300ಕ್ಕೂ ಹೆಚ್ಚು ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಂಶೋಧಕರು ಇದರ ಫಲಾನುಭವಿಗಳು. ಲೆಕ್ಕ ಹಾಕಿದರೆ ತಲೆಗೆ ವರ್ಷಕ್ಕೆ ಸುಮಾರು 1,100 ರೂಪಾಯಿ. 2025ರ ಜನವರಿ 1ರಿಂದ ಇದು ಜಾರಿಗೆ ಬಂದಿದೆ.

ಇದು ಸ್ವಾಗತಾರ್ಹ ಹೆಜ್ಜೆ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಸರಕಾರದ ತಪ್ಪುಗಳನ್ನು ಎತ್ತಿ ಹೇಳುವವರು ಅದರ ಒಳ್ಳೆಯ ಕೆಲಸವನ್ನೂ ಒಪ್ಪಿಕೊಳ್ಳಬೇಕು. ಆದರೆ ಈ 6,300 ಸಂಸ್ಥೆಗಳು ಯಾವುವು? ಕೇಂದ್ರ ಮತ್ತು ರಾಜ್ಯ ಸರಕಾರಗಳ ಆಡಳಿತಕ್ಕೊಳಪಟ್ಟ ಉನ್ನತ ಶಿಕ್ಷಣ ಸಂಸ್ಥೆಗಳು ಹಾಗೂ ಕೇಂದ್ರದ ಸಂಶೋಧನಾ ಸಂಸ್ಥೆಗಳು. ಖಾಸಗಿ ಆಡಳಿತದ ಕಾಲೇಜುಗಳು ಮೊದಲ ಹಂತದಲ್ಲಿ ಇಲ್ಲ. ಮುಸ್ಲಿಮ್ ಆಡಳಿತ ಮಂಡಳಿಗಳು ನಡೆಸುವ ಕಾಲೇಜುಗಳು ಸೇರುವುದು ಈ ಖಾಸಗಿ ವರ್ಗಕ್ಕೇ. 1919ರಲ್ಲಿ ಭಟ್ಕಳದಲ್ಲಿ ಅಂಜುಮನ್ ಸ್ಥಾಪನೆಯಾದಾಗಿನಿಂದ, 1966ರಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್‌ರು ಬೆಂಗಳೂರಿನಲ್ಲಿ ಅಲ್-ಅಮೀನ್ ಕಟ್ಟಿದಲ್ಲಿಯವರೆಗೆ ಮತ್ತು ಅದರಾಚೆಗೂ, ಈ ರಾಜ್ಯದ ಮುಸ್ಲಿಮರು ತಮ್ಮ ಮಕ್ಕಳ ಶಿಕ್ಷಣಕ್ಕಾಗಿ ತಮ್ಮದೇ ಹಣದಿಂದ ಸಂಸ್ಥೆಗಳನ್ನು ಕಟ್ಟಿದರು. ಮಗಳನ್ನು ದೂರದೂರಿಗೆ ಕಳುಹಿಸಲಾಗದ ಹೆತ್ತವರಿಗೆ ಊರಿನ ಇಂತಹ ಕಾಲೇಜೇ ಆಸರೆ. ಆ ಮಗಳ ತಂದೆಯೂ ತೆರಿಗೆ ಕಟ್ಟುತ್ತಾನೆ. ಆತನ ತೆರಿಗೆಯಿಂದಲೂ ಕೊಂಡ ಕೀಲಿಕೈ ಆತನ ಮಗಳ ಕೈಗೆ ಸಿಗುತ್ತಿಲ್ಲ.

ಈ ವ್ಯವಸ್ಥೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ವಿದೇಶಿ ಪತ್ರಿಕೆಗಳ ಬೆಲೆ ಏರುತ್ತಾ ಹೋದಂತೆ, ಒಂದೊಂದು ವಿಶ್ವವಿದ್ಯಾಲಯವೂ ಪ್ರತ್ಯೇಕವಾಗಿ ಚೌಕಾಶಿ ಮಾಡುವ ಬದಲು ಗ್ರಂಥಾಲಯಗಳು ಒಕ್ಕೂಟ ರಚಿಸಿ ಒಟ್ಟಾಗಿ ಕೊಳ್ಳುವ ಪದ್ಧತಿ ಬೆಳೆಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ ಅಂತಹ ಒಕ್ಕೂಟವನ್ನು 2003ರ ಡಿಸೆಂಬರ್‌ನಲ್ಲಿ ವಿಧ್ಯುಕ್ತವಾಗಿ ಉದ್ಘಾಟಿಸಿದವರು ಅಂದಿನ ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ. ಅದರ ಹೊಣೆ ಹೊತ್ತದ್ದು ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ. 2010ರಲ್ಲಿ ಕಾಲೇಜುಗಳಿಗಾಗಿ 'ಎನ್-ಲಿಸ್ಟ್' ಬಂತು. 2015ರಲ್ಲಿ ಹಲವು ಒಕ್ಕೂಟಗಳನ್ನು ಬೆಸೆದು 'ಇ-ಶೋಧಸಿಂಧು' ರೂಪಿಸಲಾಯಿತು. ಹೊಸ ಯೋಜನೆಗೆ ಮುನ್ನ ವಿವಿಧ ಸಚಿವಾಲಯಗಳಡಿ ಇಂತಹ 10 ಒಕ್ಕೂಟಗಳಿದ್ದವು. ಅವುಗಳಿಂದ ಸುಮಾರು 2,500 ಸಂಸ್ಥೆಗಳಿಗೆ ಸುಮಾರು 8,100 ಪತ್ರಿಕೆಗಳು ದೊರೆಯುತ್ತಿದ್ದವು.

ಇಷ್ಟೊಂದು ಹಣ ಯಾರಿಗೆ ಹೋಗುತ್ತದೆ ಎಂಬುದನ್ನು ನಮ್ಮ ಓದುಗರು ಅರಿಯಬೇಕು. ಪ್ರಾಧ್ಯಾಪಕನೊಬ್ಬ ಸಂಶೋಧನೆ ನಡೆಸಿ ಲೇಖನ ಬರೆಯುತ್ತಾನೆ. ಪತ್ರಿಕೆ ಅವನಿಗೆ ಸಂಭಾವನೆ ಕೊಡುವುದಿಲ್ಲ. ಅದೇ ವಿಷಯದ ಇನ್ನಿಬ್ಬರು ವಿದ್ವಾಂಸರು ಆ ಲೇಖನವನ್ನು ಪರಿಶೀಲಿಸುತ್ತಾರೆ. ಸಾಮಾನ್ಯವಾಗಿ ಅವರಿಗೂ ಏನೂ ಸಿಗುವುದಿಲ್ಲ. ಇವರಲ್ಲಿ ಹೆಚ್ಚಿನವರ ಸಂಬಳ ಬರುವುದು ಸಾರ್ವಜನಿಕರ ಹಣದಿಂದ. ಕೊನೆಗೆ ಲೇಖನದ ಹಕ್ಕು ಪ್ರಕಾಶಕನದಾಗುತ್ತದೆ. ಅದನ್ನೇ ಆತ ಅದೇ ವಿಶ್ವವಿದ್ಯಾಲಯಗಳಿಗೆ ಚಂದಾ ರೂಪದಲ್ಲಿ ಮಾರುತ್ತಾನೆ. ಒಂದೇ ಲೇಖನವನ್ನು ಬಿಡಿಯಾಗಿ ಕೊಳ್ಳಹೊರಟರೆ ಹಲವೊಮ್ಮೆ 30 ಡಾಲರ್‌ಗೂ ಮಿಗಿಲು ತೆರಬೇಕು. ಈ ವ್ಯಾಪಾರದ ದೈತ್ಯ ಸಂಸ್ಥೆಯಾದ ಎಲ್ಸೆವಿಯರ್ ಸೇರಿರುವ ವಿಭಾಗದಲ್ಲಿ ಅದರ ಒಡೆತನದ ಕಂಪೆನಿಯ ಲಾಭಾಂಶವು ನೂರಕ್ಕೆ 35ನ್ನೂ ಮೀರುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಂತಹ ಸಿರಿವಂತ ಸಂಸ್ಥೆಯೇ 2012ರಲ್ಲಿ ಪತ್ರಿಕೆಗಳ ವೆಚ್ಚ ವರ್ಷಕ್ಕೆ 37.5 ಲಕ್ಷ ಡಾಲರ್ ತಲುಪಿದೆ, ಇದನ್ನು ಹೀಗೆಯೇ ಮುಂದುವರಿಸಲಾಗದು ಎಂದು ತನ್ನ ಅಧ್ಯಾಪಕರಿಗೆ ತಿಳಿಸಿತ್ತು. 2019ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಎಲ್ಸೆವಿಯರ್ ಜೊತೆಗಿನ ಮಾತುಕತೆಯನ್ನು ಮುರಿದುಕೊಂಡು, ಎರಡು ವರ್ಷಗಳ ಬಳಿಕ ತನಗೆ ಒಪ್ಪಿಗೆಯಾಗುವ ಷರತ್ತುಗಳ ಮೇಲೆ ಮತ್ತೆ ಕೈಜೋಡಿಸಿತು. ಒಟ್ಟಾಗಿ ನಿಂತವರ ಮಾತಿಗೆ ಬೆಲೆಯಿದೆ ಎಂಬುದಕ್ಕೆ ಇದು ನಿದರ್ಶನ.

ಚಂದಾ ಎಂಬ ಪದಕ್ಕೆ ನಮ್ಮ ಮೊಹಲ್ಲಾಗಳಲ್ಲಿ ಬೇರೊಂದು ಅರ್ಥವಿದೆ. ಮಸೀದಿಗೆ, ಮದ್ರಸಕ್ಕೆ, ಅನಾಥಾಲಯಕ್ಕೆ ಜನರು ಮನಸಾರೆ ಕೊಡುವ ಹಣ ಅದು. ಕೊಟ್ಟ ಬಳಿಕ ಆ ಕಟ್ಟಡ, ಆ ಪುಸ್ತಕ ಸಮುದಾಯದ್ದಾಗಿ ಉಳಿಯುತ್ತದೆ. ಪ್ರಕಾಶಕನಿಗೆ ಕಟ್ಟುವ ಚಂದಾ ಹಾಗಲ್ಲ. ಬಹುಮಟ್ಟಿಗೆ ಅದು ಬಾಡಿಗೆ. ಒಪ್ಪಂದ ನವೀಕರಣಗೊಳ್ಳದಿದ್ದರೆ, ಹಳೆಯ ಸಂಚಿಕೆಗಳ ಮೇಲಿನ ಹಕ್ಕನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳದಿದ್ದರೆ, ನಿನ್ನೆ ತೆರೆದಿದ್ದ ಬಾಗಿಲು ಇಂದು ಮುಚ್ಚಬಹುದು. ಗ್ರಂಥಾಲಯದ ಕಪಾಟಿನಲ್ಲಿ ಏನೂ ಉಳಿಯದು.

ಪಾಟ್ನಾದ ಖುದಾಬಕ್ಷ್ ಗ್ರಂಥಾಲಯವನ್ನು ಇಲ್ಲಿ ನೆನಪಿಸಿಕೊಳ್ಳುವುದು ಸೂಕ್ತ. ವಕೀಲರಾಗಿದ್ದ ಖುದಾಬಕ್ಷ್ ಖಾನ್‌ರಿಗೆ ತಂದೆಯಿಂದ ಬಂದದ್ದು ಸುಮಾರು 1,400 ಹಸ್ತಪ್ರತಿಗಳು. ಅದನ್ನು ಅವರು 4,000ಕ್ಕೆ ಬೆಳೆಸಿ, 1891ರಲ್ಲಿ ಸಾರ್ವಜನಿಕರಿಗೆ ಅರ್ಪಿಸಿದರು. 1969ರ ಕಾಯ್ದೆಯ ಮೂಲಕ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಅಂಗೀಕರಿಸಿತು. ಒಬ್ಬ ವಕೀಲ ತನ್ನ ಗಳಿಕೆಯನ್ನು ಓದುಗರಿಗಾಗಿ ಬಿಟ್ಟುಕೊಟ್ಟದ್ದರಿಂದ ಒಂದು ಶತಮಾನಕ್ಕೂ ಮೀರಿ ವಿದ್ವಾಂಸರು ಪ್ರಯೋಜನ ಪಡೆಯುತ್ತಿದ್ದಾರೆ. ಜ್ಞಾನವನ್ನು ಬಚ್ಚಿಡುವವರ ಕುರಿತು ಪ್ರವಾದಿ(ಸ)ಯವರು ನೀಡಿದ ಎಚ್ಚರಿಕೆಯನ್ನು ಕೇಳಿ ಬೆಳೆದ ಸಮುದಾಯದ ಪರಂಪರೆ ಇದು.

ಬೇಲಿ ಎತ್ತರವಾದಾಗ ಹಾರುವವರೂ ಹುಟ್ಟಿಕೊಳ್ಳುತ್ತಾರೆ. 'ಸೈ-ಹಬ್' ಎಂಬ ಜಾಲತಾಣವು ಲಕ್ಷಾಂತರ ಲೇಖನಗಳನ್ನು ಅನುಮತಿಯಿಲ್ಲದೆ ಪುಕ್ಕಟೆಯಾಗಿ ಹಂಚಿತು. ಮೂರು ಪ್ರಕಾಶನ ಸಂಸ್ಥೆಗಳು 2020ರ ಡಿಸೆಂಬರ್‌ನಲ್ಲಿ ದಿಲ್ಲಿ ಹೈಕೋರ್ಟಿನ ಮೆಟ್ಟಿಲೇರಿದವು. 2025ರ ಆಗಸ್ಟ್‌ನಲ್ಲಿ ಆ ತಾಣವನ್ನು ಭಾರತದಲ್ಲಿ ತಡೆಯುವಂತೆ ನ್ಯಾಯಾಲಯ ಆದೇಶಿಸಿತು. ಇಂತಹ ತಾಣಗಳಿಂದ ಓದುವುದು ಧರ್ಮಸಮ್ಮತವೇ ಎಂಬ ಪ್ರಶ್ನೆ ನಮ್ಮ ವಿದ್ಯಾರ್ಥಿಗಳಲ್ಲಿದೆ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು 1988ರಲ್ಲಿ ಕುವೈತ್‌ನಲ್ಲಿ ಸೇರಿ, ಕೃತಿಸ್ವಾಮ್ಯವು ಶರೀಅತ್ ಮನ್ನಿಸುವ ಹಕ್ಕೆಂದು ನಿರ್ಣಯಿಸಿದೆ. ಅದನ್ನು ಬದಿಗೊತ್ತಿ ಕಳ್ಳದಾರಿಯನ್ನು ಸಮರ್ಥಿಸಲು ನಾವು ಸಿದ್ಧರಿಲ್ಲ. ಆದರೆ ಬರೆದವನಿಗೆ ಬಿಡಿಗಾಸೂ ತಲುಪದ ವ್ಯಾಪಾರವನ್ನು ಬರೆದವನ ಹಕ್ಕಿನ ಹೆಸರಿನಲ್ಲಿ ಸಮರ್ಥಿಸುವುದಾದರೂ ಯಾವ ನ್ಯಾಯ? ಕಳ್ಳದಾರಿ ಮುಚ್ಚುವ ಸರಕಾರಕ್ಕೆ ರಾಜದಾರಿಯನ್ನು ಎಲ್ಲರಿಗೂ ತೆರೆಯುವ ಹೊಣೆಯೂ ಇದೆ.

"ಪದವಿ ಓದುವ ಮಕ್ಕಳಿಗೆ ಸಂಶೋಧನಾ ಪತ್ರಿಕೆ ಯಾಕೆ? ಪಠ್ಯಪುಸ್ತಕ ಓದಿದರೆ ಸಾಲದೇ?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯೇ ನಮ್ಮ ಹಿಂದುಳಿಯುವಿಕೆಗೆ ಒಂದು ಕಾರಣ. 20 ವರ್ಷ ಮೀರಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ನೂರಕ್ಕೆ ನಾಲ್ಕರಷ್ಟೂ ಇಲ್ಲವೆಂದು 2006ರಲ್ಲಿ ಸಾಚಾರ್ ಸಮಿತಿ ತಿಳಿಸಿತ್ತು. ಆ ಕೆಲವರಲ್ಲಿ ಸಂಶೋಧನೆಗೆ ಹೋಗುವವರು ಇನ್ನೂ ಕೆಲವರು. ಅವರಿಗೆ ಆಸರೆಯಾಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್‌ನ್ನು 2022-23ರಿಂದ ನಿಲ್ಲಿಸಿರುವುದಾಗಿ ಸರಕಾರವು 2022ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಹೇಳಿತು. ಒಂದೆಡೆ ಶಿಷ್ಯವೇತನ ಇಲ್ಲ, ಇನ್ನೊಂದೆಡೆ ಓದಲು ಸಾಮಗ್ರಿ ಇಲ್ಲ. ಹೀಗಿರುವಾಗ ನಮ್ಮ ಹುಡುಗ ಹುಡುಗಿಯರು ವಿಶ್ವವಿದ್ಯಾಲಯದ ಸಂದರ್ಶನದಲ್ಲಿ ಯಾವ ಬಲದಿಂದ ಕುಳಿತುಕೊಳ್ಳಬೇಕು?

ವಿಜಯಪುರದ ವಿದ್ಯಾರ್ಥಿನಿಯೊಬ್ಬಳು ಆದಿಲ್‌ಶಾಹಿ ಕಾಲದ ಬಗ್ಗೆ ಬರೆಯಬಯಸುತ್ತಾಳೆ ಎಂದಿಟ್ಟುಕೊಳ್ಳಿ. ಗೋಳಗುಮ್ಮಟ ಆಕೆಯ ಮನೆಯಂಗಳದಿಂದಲೇ ಕಾಣುತ್ತದೆ. ಆದರೆ ದಖ್ಖನಿನ ಸುಲ್ತಾನರ ಕುರಿತ ಹೊಸ ಸಂಶೋಧನೆಗಳಲ್ಲಿ ಎಷ್ಟೋ ಪ್ರಕಟವಾಗುವುದು ಕೇಂಬ್ರಿಡ್ಜ್, ಆಕ್ಸ್‌ಫರ್ಡ್‌ನಂತಹ ಪ್ರಕಾಶನಗಳ ಪತ್ರಿಕೆಗಳಲ್ಲಿ. ತನ್ನ ಊರಿನ ಇತಿಹಾಸವನ್ನು ಓದಲು ಆಕೆ ಪರದೇಶದ ಪ್ರಕಾಶಕನಿಗೆ ಹಣ ತೆರಬೇಕು. ಅದೇ ಊರಿನ ಸರಕಾರಿ ವಿಶ್ವವಿದ್ಯಾಲಯದಲ್ಲಿ ಕುಳಿತವಳಿಗೆ ಅದು ತೆರೆದಿರುತ್ತದೆ, ಖಾಸಗಿ ಕಾಲೇಜಿನಲ್ಲಿ ಕುಳಿತವಳಿಗೆ ಮುಚ್ಚಿರುತ್ತದೆ. ಬಾಗಿಲು ತೆರೆಯಬೇಕೇ ಬೇಡವೇ ಎಂಬುದನ್ನು ಇಲ್ಲಿ ತೀರ್ಮಾನಿಸುವುದು ಆಕೆಯ ಪ್ರತಿಭೆಯಲ್ಲ, ಕಾಲೇಜಿನ ಒಡೆತನ.

ಇಷ್ಟು ಹೇಳಿ ಸರಕಾರದ ಮೇಲೆ ಹೊಣೆ ಹೊರಿಸಿ ನಾವು ಕೈತೊಳೆದುಕೊಳ್ಳಬಹುದೇ? ಖಂಡಿತ ಇಲ್ಲ. ಎನ್-ಲಿಸ್ಟ್ ಯೋಜನೆಯಲ್ಲಿ ಅನುದಾನಿತ ಕಾಲೇಜಿಗೆ ವರ್ಷಕ್ಕೆ 5,900 ರೂಪಾಯಿ, ಅನುದಾನರಹಿತ ಕಾಲೇಜಿಗೆ 35,400 ರೂಪಾಯಿ ಎಂದು ಶುಲ್ಕ ನಿಗದಿಯಾಗಿತ್ತು. ಇದಕ್ಕೆ 6,000ಕ್ಕೂ ಹೆಚ್ಚು ಪತ್ರಿಕೆಗಳು ಮತ್ತು ಲಕ್ಷಗಟ್ಟಲೆ ಪುಸ್ತಕಗಳು ಸಿಗುತ್ತಿದ್ದವು. ಒಂದು ವಾರ್ಷಿಕೋತ್ಸವದ ಶಾಮಿಯಾನ, ಶಾಲು, ಸ್ಮರಣಿಕೆಗಳಿಗೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಯಾವುದೇ ಒಂದು ಸಂಸ್ಥೆಯತ್ತ ಬೊಟ್ಟು ಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ಮಹಾದ್ವಾರಕ್ಕೆ ಅಮೃತಶಿಲೆ ಹಾಕಿಸುವ ದಾನಿಗಳು ಸಿಗುವ ಸಮುದಾಯದಲ್ಲಿ ಗ್ರಂಥಾಲಯದ ಚಂದಾಕ್ಕೆ ದಾನಿಗಳು ಸಿಗದಿರುವುದಕ್ಕೆ ಕಾರಣವೇನು? ಅಮೃತಶಿಲೆಯ ಮೇಲೆ ಹೆಸರು ಕೆತ್ತಿಸಬಹುದು, ಚಂದಾದ ಮೇಲೆ ಕೆತ್ತಿಸಲಾಗದು ಎಂಬುದಷ್ಟೇ ಅಲ್ಲವೇ?

ಮಾದರಿಯನ್ನು ನಾವು ದೂರದಲ್ಲಿ ಹುಡುಕಬೇಕಿಲ್ಲ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 2003ರಲ್ಲಿ 'ಹೆಲಿನೆಟ್' ಎಂಬ ಒಕ್ಕೂಟವನ್ನು ಆರಂಭಿಸಿತು. ಖಾಸಗಿ ವೈದ್ಯಕೀಯ ಕಾಲೇಜುಗಳೂ ತಮ್ಮ ಪಾಲಿನ ಹಣ ಕೊಟ್ಟು ಒಟ್ಟಾಗಿ ಪತ್ರಿಕೆಗಳನ್ನು ಕೊಂಡವು. ವೈದ್ಯಕೀಯ ಕಾಲೇಜುಗಳಿಗೆ ಸಾಧ್ಯವಾದದ್ದು ಕಲೆ, ವಾಣಿಜ್ಯ, ವಿಜ್ಞಾನ ಕಾಲೇಜುಗಳಿಗೆ ಯಾಕೆ ಸಾಧ್ಯವಿಲ್ಲ? ರಾಜ್ಯದ ಮುಸ್ಲಿಮ್ ಆಡಳಿತ ಮಂಡಳಿಗಳು ಒಂದೇ ಮೇಜಿನ ಸುತ್ತ ಕುಳಿತು ಒಂದು ಒಕ್ಕೂಟ ರಚಿಸಿಕೊಂಡರೆ, ಬಿಡಿಬಿಡಿಯಾಗಿ ಯಾರಿಗೂ ನಿಲುಕದ ದತ್ತಾಂಶ ಸಂಗ್ರಹಗಳು ಎಲ್ಲರಿಗೂ ನಿಲುಕಬಹುದು. ಇತರ ಸಮುದಾಯಗಳ ಸಣ್ಣ ಕಾಲೇಜುಗಳ ಪಾಡೂ ಇದೇ ಆಗಿರುವುದರಿಂದ ಅವರನ್ನೂ ಜೊತೆಗೆ ಕರೆದುಕೊಳ್ಳಬೇಕು. ಹಕ್ಕೊತ್ತಾಯಕ್ಕೂ ಆಗ ಬಲ ಬರುತ್ತದೆ.

ಆ ಹಕ್ಕೊತ್ತಾಯ ಎರಡು ವಿಷಯಗಳಿಗೆ ಸೀಮಿತವಾಗಿ ಸ್ಪಷ್ಟವಾಗಿರಲಿ. ಯೋಜನೆಯನ್ನು ಮೂರು ಹಂತಗಳಲ್ಲಿ ಕಲ್ಪಿಸಲಾಗಿದೆ. ಎರಡನೆಯದರಲ್ಲಿ ಖಾಸಗಿ ಸಂಸ್ಥೆಗಳಿಗೆ, ಮೂರನೆಯದರಲ್ಲಿ ಗೊತ್ತುಪಡಿಸಿದ ಸಾರ್ವಜನಿಕ ಗ್ರಂಥಾಲಯಗಳ ಮೂಲಕ ಎಲ್ಲ ನಾಗರಿಕರಿಗೆ ಇದನ್ನು ವಿಸ್ತರಿಸುವ ಆಶಯವಿದೆ. 2027ಕ್ಕೆ ಈಗಿನ ಅವಧಿ ಮುಗಿಯುತ್ತದೆ. ಮುಂದಿನ ಒಪ್ಪಂದದಲ್ಲಿ ಸಣ್ಣ ಖಾಸಗಿ ಕಾಲೇಜುಗಳನ್ನು ಕೈಗೆಟಕುವ ಶುಲ್ಕದಲ್ಲಿ ಸೇರಿಸಿಕೊಳ್ಳಬೇಕೆಂಬುದು ಮೊದಲನೆಯ ಬೇಡಿಕೆ. ರಾಜ್ಯ ಸರಕಾರವು ಜಿಲ್ಲಾ ಮತ್ತು ತಾಲೂಕು ಗ್ರಂಥಾಲಯಗಳನ್ನು ಮೂರನೆಯ ಹಂತಕ್ಕೆ ಈಗಿನಿಂದಲೇ ಸಜ್ಜುಗೊಳಿಸಬೇಕೆಂಬುದು ಎರಡನೆಯದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಮನೆ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನು ನಾವೂ ಕಟ್ಟುತ್ತಿದ್ದೇವೆ. ಆದ್ದರಿಂದ ಇದು ದಯೆಯ ಬೇಡಿಕೆಯಲ್ಲ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಇನ್‌ಫ್ಲಿಬ್‌ನೆಟ್‌ನ 'ಶೋಧಗಂಗಾ'ದಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಲಕ್ಷಾಂತರ ಪಿಎಚ್‌ಡಿ ಪ್ರಬಂಧಗಳು ಯಾರಿಗೂ ಪುಕ್ಕಟೆಯಾಗಿ ತೆರೆದಿವೆ. ಎಲ್ಲರಿಗೂ ಮುಕ್ತವಾದ 20,000ಕ್ಕೂ ಹೆಚ್ಚು ಪತ್ರಿಕೆಗಳ ಸೂಚಿಯೊಂದು ಲಭ್ಯವಿದೆ. 'ಜೆಸ್ಟೋರ್' ಸಂಗ್ರಹವು ಖಾತೆ ತೆರೆದ ವ್ಯಕ್ತಿಗೆ ತಿಂಗಳಿಗೆ 100 ಲೇಖನಗಳನ್ನು ಓದಲು ಬಿಡುತ್ತದೆ. ಇವೆಲ್ಲ ಇರುವುದನ್ನು ವಿದ್ಯಾರ್ಥಿಗಳಿಗೆ ತಿಳಿಸಲು ಬೇಕಿರುವುದು ಒಬ್ಬ ಅರ್ಹ ಗ್ರಂಥಪಾಲಕ, ನಾಲ್ಕು ಕಂಪ್ಯೂಟರ್ ಮತ್ತು ವಾರಕ್ಕೊಂದು ತಾಸು.

ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಹೆತ್ತವರು ಶುಲ್ಕ ಕೇಳುತ್ತಾರೆ, ಬಸ್ಸಿನ ಸೌಕರ್ಯ ಕೇಳುತ್ತಾರೆ, ಶಿಸ್ತು ಕೇಳುತ್ತಾರೆ. ಇನ್ನು ಮುಂದೆ ಇದನ್ನೂ ಕೇಳಲಿ: ನಿಮ್ಮ ಗ್ರಂಥಾಲಯ ಯಾವ ಒಕ್ಕೂಟದ ಸದಸ್ಯ? ಅಲ್ಲಿ ಕುಳಿತು ನನ್ನ ಮಗಳು ಯಾವ ಪತ್ರಿಕೆಗಳನ್ನು ಓದಬಲ್ಲಳು? ನೂರು ಮನೆಗಳಿಂದ ಈ ಪ್ರಶ್ನೆ ಬಂದರೆ ಆಡಳಿತ ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಗ್ರಂಥಾಲಯವೂ ಒಂದು ವಿಷಯವಾಗುತ್ತದೆ. ಓದು ಎಂಬ ಆಜ್ಞೆಯಿಂದಲೇ ದಿವ್ಯವಾಣಿ ಆರಂಭವಾಯಿತೆಂದು ನಂಬಿದ ಸಮುದಾಯದ ಕಾಲೇಜುಗಳಲ್ಲಿ ಅದು ಇಷ್ಟು ತಡವಾಗಬಾರದಿತ್ತು.