ಮತ್ತೆ ಕೇಳಿದರೆ ದ್ರೋಹವೇ?

ಬ್ರೆಕ್ಸಿಟ್ ಮಾತು ಬಂದಾಗಲೆಲ್ಲ ಒಂದು ವಾದ ಏಳುತ್ತದೆ: ಜನ ತೀರ್ಪು ಕೊಟ್ಟಾಯ್ತು, ಮತ್ತೆ ಕೇಳುವುದು ಪ್ರಜಾಪ್ರಭುತ್ವಕ್ಕೆ ದ್ರೋಹ. ನಾನಿದನ್ನು ಒಪ್ಪುವುದಿಲ್ಲ.

2016ರ ಜೂನ್ 23ರಂದು ಬ್ರಿಟನ್ನಿನ ಮತದಾರರಿಗೆ ಕೇಳಿದ್ದು ಇಷ್ಟೇ: ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ, ಬಿಡಬೇಕೋ? ಶೇ. 51.9 ಮಂದಿ ಬಿಡೋಣ ಎಂದರು. ಸರಿ, ಬಿಟ್ಟು ಹೋಗುವುದೆಲ್ಲಿಗೆ? ನಾರ್ವೆಯಂತೆ ಹೊರಗಿದ್ದೂ ಏಕ ಮಾರುಕಟ್ಟೆಯೊಳಗೋ, ಕೆನಡಾದಂತೆ ಬರೀ ವ್ಯಾಪಾರ ಒಪ್ಪಂದವೋ? ಐರ್ಲೆಂಡಿನ ಗಡಿಯ ಗತಿಯೇನು? ಮತಪತ್ರದಲ್ಲಿ ಇದ್ಯಾವುದೂ ಇರಲಿಲ್ಲ. ವಾರಕ್ಕೆ 35 ಕೋಟಿ ಪೌಂಡ್ ಎಂದು ಬರೆದ ಕೆಂಪು ಬಸ್ಸು ಮಾತ್ರ ಊರೂರು ಸುತ್ತಿತು.

ನಮ್ಮ ಐಟಿ ಕಸುಬಿನಲ್ಲಿ ಕ್ಲೈಂಟ್ "ಹಳೇ ಸಿಸ್ಟಮ್ ಬೇಡ" ಎಂದಷ್ಟಕ್ಕೇ ಯಾರೂ ಕೋಡ್ ಬರೆಯಲು ಕೂರುವುದಿಲ್ಲ. ಹೊಸದರ ವಿವರ, ಖರ್ಚು ಮುಂದಿಟ್ಟು ಮತ್ತೆ ಒಪ್ಪಿಗೆ ಕೇಳುತ್ತೇವೆ. ಅದು ಅವರಿಗೆ ಕೊಡುವ ಮರ್ಯಾದೆ.

2019ರ ಡಿಸೆಂಬರಿನ ಚುನಾವಣೆಯೇ ಆ ಒಪ್ಪಿಗೆ ಎನ್ನುತ್ತೀರಾ? ಬೋರಿಸ್ ಜಾನ್ಸನ್ ಪಕ್ಷಕ್ಕೆ ಬಿದ್ದದ್ದು ಶೇ. 43.6 ಮತ, ಅದರಲ್ಲಿ ಆಸ್ಪತ್ರೆ, ತೆರಿಗೆ, ಎದುರಾಳಿಯ ಮೇಲಿನ ಸಿಟ್ಟು ಎಲ್ಲವೂ ಕಲಸಿಹೋಗಿತ್ತು.

ಅದೇ ವರ್ಷ ಥೆರೆಸಾ ಮೇ ತಂದ ನಿರ್ಗಮನ ಒಪ್ಪಂದಕ್ಕೆ ಸಂಸದರು ಮೂರು ಸಲ ಮತ ಹಾಕಿ, ಮೂರು ಸಲವೂ ತಿರಸ್ಕರಿಸಿದರು. ಅವರಿಗೆ ಮೂರು ಸಲ, ಜನಕ್ಕೆ ಎರಡನೇ ಸಲವೂ ಇಲ್ಲ. ದ್ರೋಹ ಯಾವುದು, ನೀವೇ ಹೇಳಿ.